ತೋಟದಂಚಿನ ಒಂದೆಲಗ

ಅಡಿಕೆ ತೋಟಗಳಲ್ಲಿ ಕಳೆನಾಶಕದ ಬಳಕೆ ಹೆಚ್ಚಿದಂತೆ, ಬಸಿಗಾಲುವೆಯಂಚಿನ ಒಂದೆಲಗವೂ ಕಳೆಯ ಲೆಕ್ಕಕ್ಕೆ ಸೇರಿಹೋಗಿದೆ. ಮಲೆನಾಡಿನ ಉರಗೆ, ತುಳುನಾಡಿನ ತಿಮರೆ ಇದೇ. ಎಲೆಗಳನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ, ಕುದಿಸಲಾಗದು. ಬಾಯಿಹುಣ್ಣಿಗೆ, ಉಷ್ಣಕ್ಕೆ ಅಜ್ಜಿಯರು ಬಡಿಸುತ್ತಿದ್ದುದು ಇದನ್ನೇ. ನೆನಪಿನ ಶಕ್ತಿಗೆಂದು ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೂ ತಿನ್ನಿಸುವುದುಂಟು (ಓದದೆ ಉತ್ತೀರ್ಣರಾಗುವ ಮದ್ದು ಇದಲ್ಲವೆಂಬುದನ್ನು ವಿದ್ಯಾರ್ಥಿ ಮಿತ್ರರು ಅರಿತಿರಲಿ!).

ಬೆಳೆಸಲು ಬೀಜ ಬೇಡ. ಗೆಣ್ಣಿನಲ್ಲಿ ಬೇರೊಡೆದ ಹಂಬಿನ ತುಂಡೊಂದನ್ನು ನೆರಳಿನ ತೇವದ ನೆಲದಲ್ಲಿ ಊರಿದರೆ ತಾನೇ ಹಬ್ಬುತ್ತದೆ. ಆದರೆ ವಿಷ ಬಿದ್ದ ಸೊಪ್ಪು ತುಪ್ಪದಲ್ಲಿ ಬಾಡಿಸಿದ ಮಾತ್ರಕ್ಕೆ ಶುದ್ಧವಾಗದು. ಸಿಂಪಡಣೆಯನ್ನು ಕೈಬಿಡಲಾಗದ ಕೃಷಿಕ ಬಂಧುಗಳು ಈ ಮಳೆಗಾಲದಲ್ಲಿ ಬಾವಿಕಟ್ಟೆಯ ಬಳಿಯ ಒಂದು ಮಾರು ನೆಲವನ್ನಾದರೂ ಒಂದೆಲಗಕ್ಕೆ ಬಿಟ್ಟುಕೊಡಲಿ.