ಕಾಣುವ ಓಟಕ್ಕೆ ಮಾತೇಕೆ?

ಕಣ್ಣಿಗೆ ಪ್ರತ್ಯಕ್ಷವಾಗಿರುವ ಓಟವನ್ನು ಮತ್ತೊಬ್ಬನು ಬಾಯಿಮಾತಿನಿಂದ ವರ್ಣಿಸುವುದರಿಂದ ಏನು ಪ್ರಯೋಜನವೆಂಬ ಪ್ರಶ್ನೆ ದೂರದರ್ಶನದೊಡನೆ ಹುಟ್ಟಿದುದಾದರೂ, ಅದಕ್ಕೆ ಉತ್ತರವನ್ನರಸಿ ನಮ್ಮ ಎಡನೀರಿನವರು ಬಹುದೂರ ಹೋಗಬೇಕಾಗಿಲ್ಲ. ಸಂಗೀತಕ್ಕೂ ಯಕ್ಷಗಾನಕ್ಕೂ ಆಶ್ರಯವಿತ್ತ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳವರಿದ್ದ ಮಠವಿರುವ ಈ ಊರಿನಲ್ಲಿ ತಾಳಮದ್ದಳೆಯನ್ನೂ ಬಯಲಾಟವನ್ನೂ ಬಲ್ಲವರು ಅನೇಕರು. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತ ಅರ್ಥಧಾರಿಯು ಕರ್ಣಾರ್ಜುನರ ಕಾಳಗವನ್ನು ಕೇವಲ ಮಾತಿನಿಂದ ಕಟ್ಟಿ ನಿಲ್ಲಿಸುತ್ತಾನೆ. ಅವನೇ ಬಣ್ಣ ಹಚ್ಚಿ ಬಯಲಾಟದ ರಂಗಸ್ಥಳಕ್ಕೆ ಬಂದಾಗ, ಕಿರೀಟವೂ ಕುಣಿತವೂ ಚೆಂಡೆಯೂ ಹೇಳಿ ಮುಗಿಸಿದುದನ್ನು ಪುನಃ ಹೇಳದೆ, ಆ ವೀರನ ಅಂತರಂಗವನ್ನಷ್ಟೇ ನುಡಿದು ಸುಮ್ಮನಾಗುತ್ತಾನೆ. ಆಕಾಶವಾಣಿಯ ವೀಕ್ಷಕ ವಿವರಣೆಗೂ ದೂರದರ್ಶನದ ವೀಕ್ಷಕ ವಿವರಣೆಗೂ ಇರುವ ಅಂತರವು ಇದೇ ಆಗಿದೆ.

ಇಂಗ್ಲೆಂಡಿನ ಮರ್ರಿ ವಾಕರ್ ಎಂಬಾತನು 1949ರಲ್ಲಿ ಸಿಲ್ವರ್‌ಸ್ಟೋನಿನ ಕಾರು ಓಟವನ್ನು ಬಿಬಿಸಿ ರೇಡಿಯೋಗೆ ವಿವರಿಸಿದಾಗ ಮೊದಲನೆಯ ಬಗೆಯನ್ನೂ, ಮುಂದೆ ದೂರದರ್ಶನಕ್ಕೆ ಬಂದಾಗ ಎರಡನೆಯ ಬಗೆಯನ್ನೂ ಸಾಧಿಸಬೇಕಾಯಿತು. 1994ರ ಮೇ 1ರಂದು ಇಮೋಲಾದ ಕಾರು ಓಟದಲ್ಲಿ ಚಾಲಕ ಐರ್ಟನ್ ಸೆನ್ನಾನ ಕಾರು ಗೋಡೆಗೆ ಬಡಿದು, ಕೋಟ್ಯಂತರ ಜನರು ಆ ದೃಶ್ಯವನ್ನೇ ನೋಡುತ್ತಿದ್ದಾಗ, ಏನಾಯಿತೆಂದು ನಿಶ್ಚಯವಾಗಿ ತಿಳಿಯುವ ಮೊದಲೇ ವಾಕರನು ಮಾತನಾಡುತ್ತಿರಬೇಕಾಯಿತು. ಅಂತಹ ಗಳಿಗೆಯಲ್ಲಿ, ತಿಳಿದಿರುವುದಕ್ಕಿಂತ ಒಂದು ಪದವನ್ನೂ ಹೆಚ್ಚಾಗಿ ಆಡದಿರುವ ಸಂಯಮವು ಕಂಠಶಕ್ತಿಗಿಂತಲೂ ವೇಗದ ನಾಲಿಗೆಗಿಂತಲೂ ಮೇಲಾದುದೆಂದು ನಾನು ಭಾವಿಸುತ್ತೇನೆ.

ನಮ್ಮ ಸೀಮೆಯಲ್ಲಿ ವೀಕ್ಷಕ ವಿವರಣೆಯ ಈ ವಿದ್ಯೆಗೆ ನೆಲೆಯಾಗಿರುವುದು ಕಂಬಳದ ಕರೆ, ಎಂದರೆ ಕೋಣಗಳು ಓಡುವ ಕೆಸರಿನ ಹಾದಿ. ನಮ್ಮ ಜಿಲ್ಲೆಯ ಪೈವಳಿಕೆಯಲ್ಲಾಗಲಿ, ಗಡಿಯಾಚೆಯ ಮೂಡುಬಿದಿರೆ, ವೇಣೂರುಗಳಲ್ಲಾಗಲಿ, ಹಗಲೂ ರಾತ್ರಿಯೂ ನಡೆಯುವ ಜೋಡುಕರೆಯ ಸ್ಪರ್ಧೆಯಲ್ಲಿ ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆಗಳೆಂಬ ವಿಭಾಗಗಳನ್ನೂ, ಕೋಣಗಳ ಯಜಮಾನರನ್ನೂ, ಓಡಿಸುವವರನ್ನೂ ತಪ್ಪಿಲ್ಲದೆ ಹೆಸರಿಸುತ್ತ, ನಿದ್ದೆಗೆಟ್ಟ ಜನಸ್ತೋಮವನ್ನು ಎಚ್ಚರದಲ್ಲಿರಿಸುವ ವಿವರಣಕಾರನಿಗೆ, ಈಗ ನೇರಪ್ರಸಾರವು ಬಂದ ಮೇಲೆ, ಮುಂಬಯಿಯಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ಕುಳಿತು ನೋಡುವ ಕೇಳುಗರು ದೊರೆತಿದ್ದಾರೆ. ಕೆಸರು ಚಿಮ್ಮುವುದು ಅವರಿಗೂ ಕಾಣುತ್ತದೆ. ಕಿರಿಯ ವಿಭಾಗದಲ್ಲಿ ಗೆದ್ದ ಜೋಡಿಯು ಹಿರಿಯ ವಿಭಾಗಕ್ಕೆ ಇದೇ ಮೊದಲ ಬಾರಿ ಇಳಿದಿದೆಯೆಂಬುದಾಗಲಿ, ಕನೆಹಲಗೆಯಲ್ಲಿ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಇಲ್ಲವೇ ಎಂಬ ವಿವಾದದ ಮರ್ಮವಾಗಲಿ, ಬಲ್ಲವನು ಹೇಳದೆ ಅವರಿಗೆ ಕಾಣದು.

ಬಲ್ಲವನ ಅಗತ್ಯವೆಷ್ಟೆಂಬುದಕ್ಕೆ 2020ರ ಫೆಬ್ರವರಿಯ ಪ್ರಸಂಗವೊಂದೇ ಸಾಕು. ಐಕಳದ ಕಂಬಳದಲ್ಲಿ ಕೋಣಗಳನ್ನೋಡಿಸಿದ ಶ್ರೀನಿವಾಸ ಗೌಡರು 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದುದನ್ನು ಯಾರೋ ಭಾಗಿಸಿ, ನೂರು ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕಹಾಕಿದರು. ಉಸೇನ್ ಬೋಲ್ಟನ 9.58ರ ದಾಖಲೆಯೇ ಮುರಿಯಿತೆಂದು ದೇಶವೆಲ್ಲ ಸಂಭ್ರಮಿಸಿತು. ಆದರೆ ಕೋಣಗಳ ಸೆಳೆತವನ್ನು ಹಿಡಿದು ಕೆಸರಿನಲ್ಲಿ ಓಡುವ ಸಾಹಸವು ಬೇರೆಯೇ ಜಾತಿಯದು. ಅದಕ್ಕೆ ಓಟಪಥದ ಅಳತೆಗೋಲು ಒಗ್ಗದು, ಬೇಕಾಗಿಯೂ ಇಲ್ಲ. ಈ ಮಾತನ್ನು ಆ ಕ್ಷಣದಲ್ಲಿಯೇ, ಗೌಡರ ಕೀರ್ತಿಗೆ ಕಿಂಚಿತ್ತೂ ಕುಂದುಬಾರದಂತೆ ಹೇಳಬಲ್ಲವನೇ ನಿಜವಾದ ವಿವರಣಕಾರ.

ಆದರೆ ಇಂತಹ ಪರಿಣತಿಯು ಜೀವನಕ್ಕೆ ಆಧಾರವಾದೀತೇ? ವಾಕರನಂತಹವನೂ 1982ರವರೆಗೆ ಜಾಹೀರಾತಿನ ಉದ್ಯೋಗವನ್ನು ಬಿಟ್ಟಿರಲಿಲ್ಲ. ನವೆಂಬರಿನಿಂದ ಬೇಸಗೆಯವರೆಗೆ ಮಾತ್ರ ನಡೆಯುವ ಕಂಬಳವನ್ನು ನಂಬಿ ಬದುಕುವುದು ಇನ್ನೂ ಕಷ್ಟ. ಕೋಣ ಸಾಕುವುದಕ್ಕೆ ಲಕ್ಷಗಟ್ಟಲೆ ವ್ಯಯಿಸುವ, ಗೆದ್ದವರಿಗೆ ಚಿನ್ನದ ಪದಕವೀಯುವ ನಾವು, ಮೈಕಿನ ಮುಂದೆ ರಾತ್ರಿಯಿಡೀ ನಿಂತವನನ್ನು ಶಾಲು ಹೊದಿಸಿ ಕಳುಹಿಸಿದರೆ ಸಾಲದು. ಕಂಬಳ ಸಮಿತಿಗಳು ಅವನಿಗೆ ಯೋಗ್ಯ ಸಂಭಾವನೆಯನ್ನು ಕೊಡಲಿ. ಹಿಂದಿನ ವರ್ಷಗಳ ಫಲಿತಾಂಶಗಳನ್ನು ಒಪ್ಪವಾಗಿ ಬರೆದಿಟ್ಟು ಅವನ ಕೈಗಿತ್ತು, ಕಿರಿಯರಿಬ್ಬರನ್ನು ಅವನ ಬಳಿ ಕುಳ್ಳಿರಿಸಿ ಕಲಿಸಲಿ.