ಅನುದಾನವು ಭಿಕ್ಷೆಯಲ್ಲ

ಹೊನ್ನಾಳಿ, ನ್ಯಾಮತಿಗಳಂಥ ಒಕ್ಕಲುತನದ ಸೀಮೆಯಲ್ಲಿ ಖಾಸಗಿ ಸಂಸ್ಥೆಯೊಂದು ಕನ್ನಡ ಶಾಲೆಯನ್ನು ನಡೆಯಿಸುವದೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಕ್ಕೆಜೋಳದ ಧಾರಣೆಯು ಬಿದ್ದ ವರ್ಷ ಶುಲ್ಕವೂ ಬೀಳುವದು; ಮಾಳಿಗೆ ಸೋರುವದು ಮಾತ್ರ ನಿಲ್ಲುವದಿಲ್ಲ.

ಸರಕಾರವು ಕೊಡುವ ಅನುದಾನವೆಂದರೆ ಮುಖ್ಯವಾಗಿ ಮಂಜೂರಾದ ಹುದ್ದೆಗಳ ಸಂಬಳ. ಕಟ್ಟಡ, ಪೀಠೋಪಕರಣಗಳ ಚಿಂತೆಯು ಚಾಲಕರದೇ. ಇರಲಿ, ಅದನ್ನು ಅವರು ಹೊರುತ್ತ ಬಂದಿದ್ದಾರೆ. ಆದರೆ ಶಿಕ್ಷಕರೊಬ್ಬರು ನಿವೃತ್ತರಾದರೆಂದರೆ ಆ ಸ್ಥಳವನ್ನು ತುಂಬುವದಕ್ಕೆ ಹಣಕಾಸು ಇಲಾಖೆಯ ಅಪ್ಪಣೆಯನ್ನು ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಗಣಿತವನ್ನು ಕಲಿಸುವವರಾರು? ಮಂಡಲಿಯವರು ಚಂದಾ ಎತ್ತಿ ಅರೆಸಂಬಳದ ತರುಣನೊಬ್ಬನನ್ನು ತರುವರು. ಅದೂ ಆಗದಿದ್ದರೆ ಮಕ್ಕಳು ಬೇರೆ ಶಾಲೆ ನೋಡಿಕೊಳ್ಳುವರು. ಆಮೇಲೆ ಸಂಖ್ಯೆ ಇಳಿಯಿತೆಂದು ಉಳಿದ ಅನುದಾನಕ್ಕೂ ಕುತ್ತು! ರೋಗವನ್ನು ತಂದವರೇ ರೋಗಿಯನ್ನು ದೂರುವ ರೀತಿಯಿದು.

1995ರ ಬಳಿಕ ಹುಟ್ಟಿದ ಕನ್ನಡ ಶಾಲೆಗಳ ಸ್ಥಿತಿಯು ಇನ್ನೂ ಕಷ್ಟದ್ದು. ಅವುಗಳನ್ನು ಅನುದಾನಕ್ಕೆ ಒಳಪಡಿಸಬೇಕೆಂಬ ಬೇಡಿಕೆಯು ಎಷ್ಟೋ ಮಂತ್ರಿಮಂಡಲಗಳನ್ನು ಕಂಡಿದೆ. ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯಪಡಿಸುವ ಅಧಿಕಾರವು ಸರಕಾರಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಕಟ್ಟಳೆಯ ದಾರಿ ಮುಚ್ಚಿದ ಮೇಲೆ ಉಳಿದುದು ಕನ್ನಡ ಶಾಲೆಯನ್ನೇ ಪಾಲಕರು ಒಲಿದು ಬರುವಂತೆ ಮಾಡುವ ದಾರಿ. ಅದಕ್ಕೆ ದ್ರವ್ಯ ಬೇಕು. ರಾಜ್ಯೋತ್ಸವದ ಭಾಷಣಗಳಿಂದ ಶಿಕ್ಷಕರ ಸಂಬಳವು ಸಲ್ಲುವದಿಲ್ಲ.

ಇದು ಹೊಸ ತತ್ತ್ವವೇನಲ್ಲ. 1854ರ ವುಡ್ ಸಾಹೇಬರ ಶಿಕ್ಷಣಪತ್ರಿಕೆಯೇ ಸ್ಥಾನಿಕ ಮಂಡಲಿಗಳು ಚೆನ್ನಾಗಿ ನಡೆಯಿಸುವ ಶಾಲೆಗಳಿಗೆ ಸಹಾಯಧನದ ಪದ್ಧತಿಯನ್ನು ಹಾಕಿತು. ಪರಕೀಯರ ಸರಕಾರವು ಒಪ್ಪಿದುದನ್ನು ನಮ್ಮವರ ಸರಕಾರವು ಅಲ್ಲಗಳೆಯಬಹುದೇ? 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕಟ್ಟಿದ ಲಿಂಗಾಯತ ವಿದ್ಯಾಸಂಸ್ಥೆಯು ಇಂದು ಎಷ್ಟು ಬೆಳೆದಿದೆಯೆಂಬುದು ಸರ್ವರಿಗೂ ಗೊತ್ತು. ಎಲ್ಲ ಊರಿಗೂ ಅಂಥ ದಾನಿಗಳು ದೊರೆಯರು.

ಚಾಲಕರಿಗೂ ಒಂದು ಮಾತನ್ನು ಹೇಳಲೇಬೇಕು. ಒಬ್ಬೊಬ್ಬರೇ ಹಾರ ಹಿಡಿದು ಮಂತ್ರಿಗಳ ಬಾಗಿಲಲ್ಲಿ ನಿಂತರೆ ಒಬ್ಬರಿಗೆ ಆಶ್ವಾಸನ, ಇನ್ನೊಬ್ಬರಿಗೆ ಚಹ ಸಿಕ್ಕೀತು. ನೇಮಕದಲ್ಲಿ ಹಣ ತೆಗೆದುಕೊಳ್ಳುವ ಮಂಡಲಿಗಳಿಲ್ಲವೆಂದು ಎದೆ ತಟ್ಟಿ ಹೇಳುವ ಧೈರ್ಯ ಯಾರಿಗಿದೆ? ಆ ಅಪವಾದವೇ ಅಧಿಕಾರಿಗಳ ಕೈಯಲ್ಲಿಯ ದೊಡ್ಡ ನೆವ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳ ಸಂಸ್ಥೆಗಳು ಒಂದೆಡೆ ಕೂಡಿ, ತಪಾಸಣೆಯಾದ ಲೆಕ್ಕಪತ್ರಗಳನ್ನು ಊರವರ ಮುಂದಿಟ್ಟು, ಯಾವ ಶಾಲೆಯಲ್ಲಿ ಯಾವ ವಿಷಯದ ಹುದ್ದೆಯು ಎಷ್ಟು ಕಾಲದಿಂದ ಬರಿದಾಗಿದೆಯೆಂಬ ಪಟ್ಟಿಯನ್ನು ಮುಂದಿನ ಆಯವ್ಯಯಕ್ಕೆ ಮೊದಲೇ ತಂತಮ್ಮ ಶಾಸಕರ ಕೈಗೆ ಕೊಡಲಿ. ಸಭೆಯಲ್ಲಿ ಅದನ್ನು ಯಾರು ಓದಿದರು, ಯಾರು ಓದಲಿಲ್ಲವೆಂಬುದನ್ನು ಮತದಾರರೂ ಬರೆದಿಟ್ಟುಕೊಳ್ಳಲಿ.