ಬೆರಳಿನ ವೇಗವೂ ಕಣ್ಣಿನ ವಿವೇಕವೂ

ನಾಗಪುರದಿಂದ ಭಂಡಾರಾ ಮಾರ್ಗವಾಗಿ ಪೂರ್ವಕ್ಕೆ ಹೊರಟರೆ ಕನ್ಹಾನ್ ನದಿಯ ದಂಡೆಯ ಮೇಲೆ ಸಿಗುವ ಊರು ಮೌದಾ. ಉಷ್ಣವಿದ್ಯುತ್ ಸ್ಥಾವರದ ಹೊಗೆಗೊಳವೆಗಳು ದೂರದಿಂದಲೇ ಅದರ ಗುರುತು ಹೇಳುತ್ತವೆ. ಅಲ್ಲಿರುವ ನಮ್ಮವರ ಮನೆಯೊಂದಕ್ಕೆ ಗೌರಿ ಹಬ್ಬದ ಊಟಕ್ಕೆಂದು ಹೋಗಿದ್ದಾಗ ಆ ಮನೆಯ ಮಗ, ಕಾಲೇಜಿಗೆ ಹೋಗುವ ಹುಡುಗ, ತನ್ನ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದ. ವಿದೇಶೀಯನೊಬ್ಬ ಪಿಸ್ತೂಲನ್ನು ಬೆರಳಿನಲ್ಲಿ ಗಿರ್ರನೆ ತಿರುಗಿಸಿ, ಸಾಲಾಗಿ ಕಟ್ಟಿದ ಬಲೂನುಗಳನ್ನು ರೆಪ್ಪೆ ಮಿಟುಕಿಸುವುದರೊಳಗೆ ಒಡೆದು ಹಾಕಿದ. "ಎರಡು ಸೆಕೆಂಡಿಗೆ ಹತ್ತು ಈಡು ಮಾವ! ರಾಜ್ಯೋತ್ಸವದ ನಾಟಕದಲ್ಲಿ ನಾವೂ ಹೀಗೇ ಮಾಡ್ತೀವಿ. ಪರಿಚಯದವರೊಬ್ಬರ ಲೈಸೆನ್ಸಿನ ಪಿಸ್ತೂಲಿದೆ, ಗುಂಡಿಲ್ಲದ ಹುಸಿ ತೋಟಾ ಹಾಕಿದರಾಯಿತು" ಎಂದ. ನಾಟಕ ಸಂಗೊಳ್ಳಿ ರಾಯಣ್ಣನದು! 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ ಆ ವೀರನ ಕಾಲದ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡಿಟ್ಟು, ಗಜದಿಂದ ಕುಟ್ಟಿ ಒಂದು ಈಡು ಹಾರಿಸುವುದರೊಳಗೆ ನಮ್ಮ ಹುಡುಗನ ಇಡೀ ದೃಶ್ಯವೇ ಮುಗಿದುಹೋಗುತ್ತಿತ್ತು. ಆ ಮಾತು ಹಾಗಿರಲಿ.

ನಾನು ಬೇಡವೆಂದೆ. ಸಂಘದ ಸಭೆಯಲ್ಲಿಯೂ ಬೇಡವೆಂದೆ. ಯುವಕರ ಉತ್ಸಾಹಕ್ಕೆ ತಣ್ಣೀರೆರಚಿದೆನೆಂದು ಹಿರಿಯರು ಕೆಲವರು ಬೇಸರಗೊಂಡರು. ಕಿವಿಯ ವೈದ್ಯನಾದ ನಾನು ಕಿವಿಯ ಮಾತನ್ನಷ್ಟೇ ಆಡಬೇಕಿತ್ತೆಂದು ಒಬ್ಬರು ನುಡಿದರು. ಅವರೆಲ್ಲರಿಗೂ ಉತ್ತರವಾಗಿ ಈ ಲೇಖನ.

ಅರೆಸ್ವಯಂಚಾಲಿತ ಪಿಸ್ತೂಲಿನ ರಚನೆಯಲ್ಲೇ ಅಪಾಯದ ಬೀಜವಿದೆ. ಒಂದು ಈಡು ಹಾರಿದೊಡನೆ ಅದರ ಹಿನ್ನೂಕಿನ ಬಲದಿಂದಲೇ ಮೇಲ್ಭಾಗವು ಹಿಂದೆ ಸರಿದು, ಖಾಲಿ ಚಿಪ್ಪನ್ನು ಹೊರಗೆಸೆದು, ಮುಂದಿನ ತೋಟಾವನ್ನು ತಾನೇ ನಳಿಗೆಗೆ ಏರಿಸಿಕೊಂಡು ಸಿದ್ಧವಾಗುತ್ತದೆ. ಮನುಷ್ಯನಿಗೆ ಉಳಿಯುವ ಕೆಲಸ ಟ್ರಿಗರನ್ನು ಒತ್ತುವುದು ಮಾತ್ರ. ಆದರೆ ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಸೆಕೆಂಡಿನ ಐದನೇ ಒಂದು ಪಾಲಿನಷ್ಟಾದರೂ ಕಾಲ ಬೇಕು. "ಹಾರಿಸಬೇಕೇ, ಬೇಡವೇ" ಎಂದು ನಿರ್ಧರಿಸಬೇಕಾದಲ್ಲಿ ಇನ್ನೂ ಹೆಚ್ಚು. ಅಮೆರಿಕದ ಎಡ್ ಮೆಕ್‌ಗಿವರ್ನ್ 1932ರಲ್ಲಿ ರಿವಾಲ್ವರಿನಿಂದಲೇ ಐದು ಈಡುಗಳನ್ನು ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಹಾರಿಸಿದ್ದನು. ಆ ವೇಗದಲ್ಲಿ ಮೊದಲ ಗುಂಡು ಎಲ್ಲಿ ತಾಗಿತೆಂದು ಕಾಣುವ ಮುನ್ನವೇ ಎರಡನೆಯದು ಹೊರಟಿರುತ್ತದೆ. ಮಗುವೊಂದು ಅಡ್ಡ ಬಂದರೂ ಬೆರಳು ನಿಲ್ಲದು. ಅಭ್ಯಾಸವು ಬೆರಳನ್ನು ಚುರುಕುಗೊಳಿಸಬಲ್ಲುದೇ ಹೊರತು, ಕಣ್ಣು ಮತ್ತು ಬೆರಳುಗಳ ನಡುವಿನ ಈ ದಾರಿಯನ್ನು ಅಳಿಸಿಹಾಕಲಾರದು.

ಇನ್ನೊಂದು ಸೂಕ್ಷ್ಮವಿದೆ. ಕಾಲು ಜಾರಿದಾಗ, ಬೆಚ್ಚಿಬಿದ್ದಾಗ ಅಥವಾ ಒಂದು ಕೈಯಿಂದ ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮತ್ತೊಂದು ಕೈಯ ಬೆರಳುಗಳೂ ನಮ್ಮ ಅರಿವಿಲ್ಲದೆಯೇ ಬಿಗಿಯುತ್ತವೆ. ಬೆರಳು ಟ್ರಿಗರಿನ ಮೇಲಿದ್ದರೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಪಿಸ್ತೂಲನ್ನು ತಿರುಗಿಸುವ, ಸೊಂಟದಿಂದ ಸರಕ್ಕನೆ ಸೆಳೆಯುವ ಆಟಗಳಲ್ಲಿ ಆಟಗಾರನ ತೊಡೆ, ಪಾದಗಳೇ ಮೊದಲ ಗುರಿಯಾಗುವುದು ಈ ಕಾರಣದಿಂದ. ಮ್ಯಾಗಜೀನನ್ನು ತೆಗೆದ ಮಾತ್ರಕ್ಕೆ ಪಿಸ್ತೂಲು ಬರಿದಾಯಿತೆಂಬ ಭ್ರಮೆಯೂ ಅನೇಕರ ಪ್ರಾಣ ತೆಗೆದಿದೆ. ನಳಿಗೆಯೊಳಗೆ ಏರಿ ಕುಳಿತ ಒಂದು ತೋಟಾ ಅಲ್ಲೇ ಉಳಿದಿರುತ್ತದೆ.

1951ರಲ್ಲಿ ಮೆಕ್ಸಿಕೋ ನಗರದಲ್ಲಿ ಅಮೆರಿಕದ ಲೇಖಕ ವಿಲಿಯಂ ಬರೋಸ್ ಗೆಳೆಯರ ಕೂಟದಲ್ಲಿ ಮಡದಿಯ ತಲೆಯ ಮೇಲೆ ಗಾಜಿನ ಲೋಟವನ್ನಿರಿಸಿ ಗುರಿಯಿಟ್ಟನು. ಲೋಟ ಉಳಿಯಿತು, ಆಕೆ ಉಳಿಯಲಿಲ್ಲ. ಆತನ ಕೈಯಲ್ಲಿದ್ದುದೂ ಅರೆಸ್ವಯಂಚಾಲಿತ ಪಿಸ್ತೂಲೇ. ದೂರದ ಕಥೆಯೆನ್ನುವವರಿಗೆ ಹತ್ತಿರದ್ದೂ ಇದೆ. 2019ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಕಾರಿನೊಳಗೆ ಕುಳಿತು ಪಿಸ್ತೂಲು ಹಿಡಿದು ಕಿರುಚಿತ್ರ ತೆಗೆಯುತ್ತಿದ್ದ ಗೆಳೆಯರಲ್ಲಿ ಒಬ್ಬನ ಗುಂಡು ತಗುಲಿ ಹತ್ತೊಂಬತ್ತರ ಹರೆಯದವನೊಬ್ಬನು ಸತ್ತನು.

"ಹುಸಿ ತೋಟಾ ತಾನೇ" ಎನ್ನುವ ಮಾತಿಗೆ ಬರೋಣ. ಅದರಲ್ಲಿ ಗುಂಡಿಲ್ಲ, ನಿಜ, ಮದ್ದಿದೆ. ಮದ್ದಿನ ಬಿಸಿಯನಿಲವು ನಳಿಗೆಯ ಬಾಯಿಂದ ಉಳಿಯಂತೆ ನುಗ್ಗುತ್ತದೆ. 1984ರಲ್ಲಿ ಅಮೆರಿಕದ ನಟ ಜಾನ್-ಎರಿಕ್ ಹೆಕ್ಸಮ್ ಚಿತ್ರೀಕರಣದ ಬಿಡುವಿನಲ್ಲಿ ಹಾಸ್ಯಕ್ಕೆಂದು ಅಂಥ ತೋಟಾದ ರಿವಾಲ್ವರನ್ನು ಕಣತಲೆಗೆ ಹಿಡಿದು ಟ್ರಿಗರ್ ಒತ್ತಿದನು. ಕಪಾಲದ ಎಲುಬು ಮುರಿದು ಮೆದುಳಿಗೆ ನುಗ್ಗಿತು. 1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ಇನ್ನೊಂದು ಬಗೆಯಲ್ಲಿ. ಹಿಂದಿನ ದೃಶ್ಯದಲ್ಲಿ ನಳಿಗೆಯೊಳಗೆ ಸಿಕ್ಕಿಕೊಂಡಿದ್ದ ಗುಂಡನ್ನು ಯಾರೂ ನೋಡಿರಲಿಲ್ಲ. ಹುಸಿ ತೋಟಾದ ಒತ್ತಡ ಅದನ್ನು ಹೊರದೂಡಿತು. ವೇಗದ ಆಟದಲ್ಲಿ ಇದೇ ತೊಡಕು ಇನ್ನಷ್ಟು ಭಯಂಕರ. ದುರ್ಬಲ ತೋಟಾದ ಗುಂಡು ನಳಿಗೆಯಲ್ಲೇ ನಿಂತುಬಿಟ್ಟರೆ, ನಿಧಾನವಾಗಿ ಹಾರಿಸುವವನು ಸದ್ದಿನ ವ್ಯತ್ಯಾಸ ಕೇಳಿ ಕೈ ತಡೆಯುತ್ತಾನೆ. ವೇಗದವನು ಮುಂದಿನ ಈಡನ್ನೂ ಅದರ ಬೆನ್ನಿಗೆ ಹಾರಿಸಿರುತ್ತಾನೆ. ಆಗ ನಳಿಗೆಯೇ ಸಿಡಿಯಬಹುದು.

ಇನ್ನು ನನ್ನ ಕಿವಿಯ ಮಾತು. ಪಿಸ್ತೂಲಿನ ಸದ್ದು 150 ಡೆಸಿಬೆಲ್ಲನ್ನೂ ಮೀರುತ್ತದೆ. 140 ಡೆಸಿಬೆಲ್ ದಾಟಿದ ಇಂಥ ಸಿಡಿಸದ್ದಿಗೆ ಒಂದೇ ಸಲ ಒಡ್ಡಿಕೊಂಡರೂ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಶಾಶ್ವತವಾಗಿ ನಾಶವಾಗಬಹುದು. ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಗೋಡೆಗಳಿಂದ ಸದ್ದು ಮರಳಿ ಬಡಿಯುವ ಸಭಾಂಗಣದಲ್ಲಿ ಎರಡು ಸೆಕೆಂಡಿಗೆ ಹತ್ತು ಈಡೆಂದರೆ, ಕಿವಿಗೆ ಚೇತರಿಸಿಕೊಳ್ಳಲು ಎಡೆಯೇ ಇಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ವೇದಿಕೆಯ ಮುಂದೆ ಜಮಖಾನೆಯ ಮೇಲೆ ಕೂರುವವರು ಯಾರು? ಮಕ್ಕಳು. ಮೊದಲು ಕೆಡುವುದು ಎತ್ತರದ ಸ್ವರಗಳನ್ನು ಗ್ರಹಿಸುವ ಶಕ್ತಿ. ಆದ್ದರಿಂದ ಮಾತು ಕೇಳಿಸುತ್ತದೆ, ಅಕ್ಷರ ಸ್ಪಷ್ಟವಾಗುವುದಿಲ್ಲ. ಮನೆಯವರು ಗಮನಗೇಡಿತನವೆಂದು ಮಗುವನ್ನು ಗದರಿಸುತ್ತಾರೆ. ಪಟಾಕಿಯಿಂದಲೋ ಈಡಿನಿಂದಲೋ ಕಿವಿ ಮುಚ್ಚಿದಂತಾಗಿ ಗುಂಯ್‌ಗುಟ್ಟತೊಡಗಿ ಮರುದಿನಕ್ಕೂ ಇಳಿಯದಿದ್ದರೆ, ಎಣ್ಣೆ ಬಿಟ್ಟುಕೊಂಡು ಕಾಲ ಕಳೆಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಚಿಕಿತ್ಸೆಯಿಂದ ಫಲ ಸಿಗುವ ಸಂಭವವಿದ್ದರೆ ಅದು ಮೊದಲ ಕೆಲವು ದಿನಗಳಲ್ಲೇ. ಸೀಸದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಸಾಮಾನ್ಯ ತೋಟಾದ ಕಿಡಿಮದ್ದಿನಲ್ಲಿಯೂ ಗುಂಡಿನಲ್ಲಿಯೂ ಇರುವ ಸೀಸವು ಧೂಳಾಗಿ ಬಟ್ಟೆಗೆ ಅಂಟಿ ಮನೆಯ ಮಗುವಿನವರೆಗೂ ತಲುಪಬಲ್ಲುದು.

ಹಾಗೆಂದು ನಾನು ಕೋವಿಯ ದ್ವೇಷಿಯಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಹೂವಿನಿಂದ ಸಿಂಗರಿಸಿ ಪೂಜಿಸುವ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಕೊಡಗಿನ ಸಂಪ್ರದಾಯವನ್ನು ನಾನು ಗೌರವಿಸುತ್ತೇನೆ. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿಹಿಡಿದಿದೆ. ಅಲ್ಲಿನ ಆಟದಲ್ಲಿ ಮೆಚ್ಚುಗೆ ಗುರಿಗೆ, ಗಡಿಯಾರಕ್ಕಲ್ಲ. ಒಲಿಂಪಿಕ್ಸಿನಲ್ಲಿ ವೇಗದ ಪಿಸ್ತೂಲು ಸ್ಪರ್ಧೆಯೇ ಇದೆಯಲ್ಲ ಎಂದು ಹುಡುಗ ವಾದಿಸಿದ. ಇದೆ, 2012ರಲ್ಲಿ ಲಂಡನ್ನಿನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಅದರಲ್ಲೇ. ಆದರೆ ಅಲ್ಲಿ ಅತ್ಯಂತ ಬಿರುಸಿನ ಸುತ್ತಿನಲ್ಲಿಯೂ ಐದು ಈಡುಗಳಿಗೆ ನಾಲ್ಕು ಸೆಕೆಂಡುಗಳಿರುತ್ತವೆ. ಗುರಿಫಲಕಗಳು 25 ಮೀಟರ್ ದೂರದಲ್ಲಿ ನೆಟ್ಟಿರುತ್ತವೆ, ಮುಂದೆ ಯಾರೂ ಇರುವುದಿಲ್ಲ, ಅಧಿಕಾರಿಯ ಅಪ್ಪಣೆಯಿಲ್ಲದೆ ತೋಟಾ ತುಂಬುವಂತಿಲ್ಲ.

ಕಾನೂನಿನ ಮಾತನ್ನೂ ನಮ್ಮ ಪದಾಧಿಕಾರಿಗಳು ತಿಳಿದಿರಲಿ. 2019ರಲ್ಲಿ ಆಯುಧ ಕಾಯಿದೆಗೆ ತಂದ ತಿದ್ದುಪಡಿಯಂತೆ, ಮದುವೆ ಮುಂತಾದ ಸಮಾರಂಭಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತಂದರೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. 2021ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯಲ್ಲಿ ಕೇಂದ್ರ ಸಚಿವರೊಬ್ಬರ ಸ್ವಾಗತಕ್ಕೆ ಆಕಾಶದತ್ತ ನಾಡಕೋವಿ ಹಾರಿಸಿದವರು ಬಂಧನಕ್ಕೊಳಗಾದರು. ಲೈಸೆನ್ಸು ಪರಿಚಯದವರದ್ದು, ಕೈ ಹುಡುಗನದು, ವೇದಿಕೆ ಸಂಘದ್ದು ಎಂದಾದರೆ ಠಾಣೆಯಲ್ಲಿ ಉತ್ತರ ಹೇಳಬೇಕಾದವರು ಯಾರೆಂದು ಸಭೆಯಲ್ಲಿ ಕೇಳಿದೆ. ಯಾರೂ ಉತ್ತರಿಸಲಿಲ್ಲ.

ಹುಡುಗ ಎರಡು ವಾರ ನನ್ನೊಡನೆ ಮಾತು ಬಿಟ್ಟಿದ್ದ. ಕಳೆದ ಭಾನುವಾರ ತಾನಾಗಿಯೇ ಫೋನು ಮಾಡಿದ. ನಾಟಕದಲ್ಲಿ ಕಟ್ಟಿಗೆಯ ಕೋವಿಯನ್ನೇ ಇಟ್ಟುಕೊಂಡಿದ್ದಾರಂತೆ. ಪರದೆಯ ಹಿಂದೆ ತಮಟೆ ಬಾರಿಸುವವನೊಬ್ಬ ಸಿಕ್ಕಿದ್ದಾನಂತೆ. ಈಡಿಗೊಂದು ಪೆಟ್ಟು, ಪೆಟ್ಟಿನಿಂದ ಪೆಟ್ಟಿಗೆ ರಾಯಣ್ಣನ ಕಾಲದ ಕೋವಿಗೆ ತಕ್ಕಷ್ಟು ಬಿಡುವು. ತಮಟೆಯವನನ್ನು ಮಕ್ಕಳಿಂದ ದೂರ, ರಂಗದ ಹಿಂಗೋಡೆಯ ಬಳಿ ನಿಲ್ಲಿಸಿ ಎಂದಷ್ಟೇ ಹೇಳಿದ್ದೇನೆ.